ಟ್ರೂನಾಟ್: ಆ ಡಿಎನ್‌ಎ ಟ್ಯೂಬ್ ಎಸೆಯಬೇಡಿ

ಕಫದಲ್ಲಿ ಕ್ಷಯದ (ಟಿಬಿ) ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಟ್ರೂನಾಟ್ ಯಂತ್ರಕ್ಕೆ ಸುಮಾರು ಒಂದು ಗಂಟೆ. ಅದು ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ತಿಳಿಯಲು ಇನ್ನೊಂದು ಗಂಟೆ. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ನಂಬಿಕೊಂಡರೆ ವಾರಗಟ್ಟಲೆ ಕಾಯಬೇಕು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡು, ಗೋವಾದ ಮೋಲ್‌ಬಯೋ ತಯಾರಿಸುವ ಟ್ರೂನಾಟ್ ಬ್ಯಾಟರಿಯಲ್ಲೂ ಓಡುತ್ತದೆ. ಕರೆಂಟ್ ಕೈಕೊಡುವ ಊರಿಗೂ ಸೈ. ಫಲಿತಾಂಶ ಕೆಡುವುದು ಹೆಚ್ಚಾಗಿ ಯಂತ್ರದಿಂದಲ್ಲ, ಅದಕ್ಕೂ ಮೊದಲಿನ ಕೈಕೆಲಸದಲ್ಲಿ.

ಮೊದಲು ಕಫ. ಎದೆಯಾಳದಿಂದ ಕೆಮ್ಮಿ ತೆಗೆದದ್ದು ಬೇಕು. ಡಬ್ಬಿ ತುಂಬ ಜೊಲ್ಲು ಕೊಟ್ಟರೆ ಪ್ರಯೋಜನವಿಲ್ಲ. ಡಬ್ಬಿಗೆ ಎರಡು ಹನಿ ಲಿಕ್ವಿಫ್ಯಾಕ್ಷನ್ ಬಫರ್ (ಕಫ ಕರಗಿಸುವ ದ್ರವ) ಹಾಕಿ, ಮೆಲ್ಲಗೆ ತಿರುಗಿಸಿ 10 ನಿಮಿಷ ಬಿಡಿ. ಪಿಪೆಟ್ಟಿನಲ್ಲಿ ಎಳೆದಾಗ ಇನ್ನೂ ಎಳೆಎಳೆಯಾಗಿ ಬಂದರೆ ಕರಗಿಲ್ಲವೆಂದೇ ಅರ್ಥ, ಕಾಯಿರಿ. ಆಮೇಲೆ 0.5 ಮಿ.ಲೀ. ತೆಗೆದು ಬ್ಯಾಕ್ಟೀರಿಯಾವನ್ನು ಒಡೆಯುವ ಲೈಸಿಸ್ ಬಫರ್‌ನ ಬಾಟಲಿಗೆ ಹಾಕಿ, ಮತ್ತೆರಡು ಹನಿ ಲಿಕ್ವಿಫ್ಯಾಕ್ಷನ್ ಬಫರ್ ಸೇರಿಸಿ, 3 ನಿಮಿಷ ಬಿಟ್ಟು ಡಿಎನ್‌ಎ ಬೇರ್ಪಡಿಸುವ ಕಾರ್ಟ್ರಿಡ್ಜ್‌ಗೆ ಸುರಿಯಿರಿ. ಅವಸರದಲ್ಲಿ ಗಟ್ಟಿ ಕಫವನ್ನೇ ಸುರಿದರೆ ಒಳಗೆ ಕಟ್ಟಿಕೊಂಡು ಕಾರ್ಟ್ರಿಡ್ಜ್ ದಂಡ. ಸರಿಯಾಗಿದ್ದರೆ ಸುಮಾರು 20 ನಿಮಿಷದಲ್ಲಿ ಡಿಎನ್‌ಎ ಬೇರ್ಪಡುತ್ತದೆ.

ಮುಂದಿನದು ನಾಜೂಕಿನ ಕೆಲಸ. 6 ಮೈಕ್ರೋಲೀಟರ್ ಡಿಎನ್‌ಎ ದ್ರವವನ್ನು ಒಣ ರಾಸಾಯನಿಕವಿರುವ ಪುಟ್ಟ ಟ್ಯೂಬಿಗೆ ಹಾಕಿ, ಕರಗಿದ ಮೇಲೆ ಅಷ್ಟನ್ನೇ ಯಂತ್ರಕ್ಕೆ ಹಾಕುವ ಚಿಪ್‌ನ ಬಿಳಿ ಗುಳಿಯೊಳಗೆ ಇಳಿಸಬೇಕು. ಪಿಪೆಟ್ಟಿನ ಗುಂಡಿಯನ್ನು ಎರಡನೇ ತಡೆಯವರೆಗೂ ಒತ್ತಿದರೆ ಕೊನೆಗೊಂದು ಗುಳ್ಳೆ ಎದ್ದು ಗುಳಿಯಲ್ಲೇ ಕೂರುತ್ತದೆ. ಯಂತ್ರ ಓದುವುದು ಆ ಗುಳಿಯಿಂದ ಹೊಮ್ಮುವ ಬೆಳಕನ್ನು. ಗುಳ್ಳೆಯಿದ್ದರೆ ಓದು ತಪ್ಪುತ್ತದೆ.

ಉಳಿದ ಡಿಎನ್‌ಎ ದ್ರವವನ್ನು ಟಿಬಿ ಫಲಿತಾಂಶ ಬರುವವರೆಗೆ ಎಸೆಯಲೇಬೇಡಿ. ಪಾಸಿಟಿವ್ ಬಂದರೆ ರಿಫಾಂಪಿಸಿನ್ ಚಿಪ್‌ಗೆ ಬೇಕಾಗುವುದು ಅದೇ. ಎಸೆದುಬಿಟ್ಟರೆ ಇನ್ನೊಂದು ಕಾರ್ಟ್ರಿಡ್ಜ್ ಖರ್ಚು, ಕಫ ಸಾಲದಿದ್ದರೆ ರೋಗಿಯನ್ನು ಮತ್ತೆ ಕರೆಸುವ ಪಾಡು.

ರಿಪೋರ್ಟ್ ಓದುವಾಗಲೂ ಎಚ್ಚರ ಬೇಕು. ರಿಫಾಂಪಿಸಿನ್ ಚಿಪ್ ನೋಡುವುದು ಬ್ಯಾಕ್ಟೀರಿಯಾದ ಆರ್‌ಪಿಒಬಿ ಜೀನಿನ ಬದಲಾವಣೆಗಳನ್ನು ಮಾತ್ರ. ರಿಫಾಂಪಿಸಿನ್ ನಾಟುತ್ತದೆ ಎಂದು ಬಂದರೂ ಕ್ಷಯದ ಇನ್ನೊಂದು ಔಷಧ ಐಸೋನಿಯಾಜಿಡ್ ನಾಟುತ್ತದೆಂಬ ಖಾತರಿಯಿಲ್ಲ. ಅದಕ್ಕೆ ಲೈನ್ ಪ್ರೋಬ್‌ನಂಥ ಬೇರೆ ಪರೀಕ್ಷೆ ಬೇಕು. ಬ್ಯಾಕ್ಟೀರಿಯಾ ತೀರಾ ಕಡಿಮೆಯಿದ್ದಾಗ ‘ನಿರ್ಧರಿಸಲಾಗದು’ ಎಂದು ಬರಬಹುದು. ಅದನ್ನು ನಿರೋಧಕತೆ ಇಲ್ಲವೆಂದು ಓದಿಕೊಳ್ಳದೆ ಹೊಸ ಕಫ ತರಿಸಿ. ಇನ್ನು, ಔಷಧ ಶುರುವಾದ ಮೇಲೆ ಗುಣ ನೋಡಲು ಟ್ರೂನಾಟ್ ಮಾಡಿಸುವುದು ದುಡ್ಡು ದಂಡ: ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಅದು ಹಿಡಿಯುತ್ತದೆ. ಆಗ ಬೇಕಾದದ್ದು ಮೈಕ್ರೋಸ್ಕೋಪ್ ಮತ್ತು ಕಲ್ಚರ್.