ಕೂದಲು ಹುಲ್ಲಾಗುವ ಗಳಿಗೆ

14 ಜುಲೈ 2024, ಭಾನುವಾರ, ರಾತ್ರಿ

ದಕ್ಷಿಣ ಕೊರಿಯಾದ ಪಾರ್ಕ್ ಚಾನ್-ವೂಕ್ ಇಂಗ್ಲಿಷಿನಲ್ಲಿ ನಿರ್ದೇಶಿಸಿದ ಮೊದಲ ಚಿತ್ರ, 2013ರ ‘ಸ್ಟೋಕರ್’ ಅನ್ನು ಇಂದು ಮಧ್ಯಾಹ್ನ ಎರಡನೆಯ ಸಲ ನೋಡಿದೆ. ಮೊದಲ ಸಲ ಕಥೆಯ ಬೆನ್ನು ಹತ್ತಿದ್ದೆ. ಈ ಸಲ ಕಥೆ ಗೊತ್ತಿದ್ದುದರಿಂದ ಕಣ್ಣು ಕಥೆ ನಡೆಯುವ ಮನೆಯ ಗೋಡೆ, ದೀಪ, ಮೆಟ್ಟಿಲುಗಳ ಮೇಲೆ ನಿಂತಿತು.

18 ತುಂಬಿದ ದಿನವೇ ತಂದೆಯನ್ನು ಕಳೆದುಕೊಂಡ ಇಂಡಿಯಾ ಎಂಬ ಹುಡುಗಿ, ಮಗಳೊಂದಿಗೆ ಹೊಂದಿಕೊಳ್ಳಲಾಗದ ತಾಯಿ ಎವೆಲಿನ್, ಸಾವಿನ ಮನೆಗೆ ನಗುಮುಖದಿಂದ ಬಂದು ಅಲ್ಲೇ ಉಳಿದುಬಿಡುವ ಚಿಕ್ಕಪ್ಪ ಚಾರ್ಲಿ. ಇಂಥದೊಬ್ಬ ಚಿಕ್ಕಪ್ಪ ತನಗಿದ್ದಾನೆಂಬುದೇ ಹುಡುಗಿಗೆ ಅದುವರೆಗೆ ತಿಳಿದಿರುವುದಿಲ್ಲ. ಚಿತ್ರದ ಹೆಸರು ಕೇಳಿದವರಿಗೆ ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ನೆನಪಾಗುತ್ತಾನೆ. ಚಿತ್ರದಲ್ಲಿ ರಕ್ತಪಿಶಾಚಿಗಳು ಯಾರೂ ಇಲ್ಲದಿದ್ದರೂ ಆ ನೆರಳು ಕೊನೆಯವರೆಗೂ ಮನೆಯ ಮೇಲೆ ಕವಿದೇ ಇರುತ್ತದೆ.

ಛಾಯಾಗ್ರಾಹಕ ಚುಂಗ್ ಚುಂಗ್-ಹೂನ್ ಭಯವನ್ನು ಕತ್ತಲೆಯಲ್ಲಿ ಬಚ್ಚಿಡುವುದಕ್ಕಿಂತ ಹೆಚ್ಚಾಗಿ ಹಗಲ ಬೆಳಕಿನಲ್ಲೇ ತೀರ ಹತ್ತಿರದಿಂದ ತೋರಿಸುತ್ತಾರೆ. ಬೇಯಿಸಿದ ಮೊಟ್ಟೆಯನ್ನು ಇಂಡಿಯಾ ಮೇಜಿನ ಮೇಲೆ ಅಂಗೈಯಲ್ಲಿ ಒತ್ತಿ ಉರುಳಿಸುವಾಗ ಸಿಪ್ಪೆ ಬಿರಿಯುವ ಸದ್ದು ಎಲುಬು ಮುರಿದಂತೆ ಕೇಳುತ್ತದೆ. ಅವಳ ಕಾಲ ಮೇಲೆ ಒಂದು ಜೇಡ ಯಾವ ಅವಸರವೂ ಇಲ್ಲದೆ ಹತ್ತುತ್ತದೆ. ಐಸ್‌ಕ್ರೀಮ್ ಇಡಲು ನೆಲಮಾಳಿಗೆಗೆ ಇಳಿದಾಗ ಅವಳು ತೂಗುದೀಪವನ್ನು ತಳ್ಳುತ್ತಾಳೆ; ಆ ತೂಗಾಟಕ್ಕೆ ಗೋಡೆಗಳೆಲ್ಲ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿದಂತಾಗಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಪಿಯಾನೋ ದೃಶ್ಯವಂತೂ, ಅದಕ್ಕಾಗಿ ಫಿಲಿಪ್ ಗ್ಲಾಸ್ ರಚಿಸಿದ ಸಂಗೀತದೊಂದಿಗೆ, ಇಡೀ ಚಿತ್ರದ ಗುಟ್ಟನ್ನು ಒಂದೂ ಮಾತಿಲ್ಲದೆ ಹೇಳಿಬಿಡುತ್ತದೆ.

ಚಿಕ್ಕಪ್ಪನ ಬಾಲ್ಯವನ್ನು ಬಿಡಿಸಿ ಹೇಳುವ ಭಾಗ ಮಾತ್ರ ನನಗೆ ಈಗಲೂ ಒಪ್ಪಿಗೆಯಾಗಿಲ್ಲ. ದೃಶ್ಯಗಳೇ ಅಷ್ಟು ಹೇಳಿದ ಮೇಲೆ ಆ ವಿವರಣೆ ಬೇಕಿರಲಿಲ್ಲ.

ಆದರೆ ಒಂದು ಜೋಡಣೆಗಾಗಿ ಎಲ್ಲವನ್ನೂ ಮನ್ನಿಸಬಲ್ಲೆ. ಇಂಡಿಯಾ ತಾಯಿಯ ಕೂದಲು ಬಾಚುತ್ತಿರುತ್ತಾಳೆ. ಬ್ರಷ್ಷಿನ ಹಿಂದೆ ಎಳೆಎಳೆಯಾಗಿ ಜಾರುವ ಆ ಕೂದಲು ನೋಡುತ್ತಿದ್ದಂತೆಯೇ ಎತ್ತರದ ಹುಲ್ಲಾಗುತ್ತದೆ. ಹುಲ್ಲಿನ ನಡುವೆ ತಂದೆಯೂ ಮಗಳೂ ಬಂದೂಕು ಹಿಡಿದು ಬೇಟೆಗೆ ಕಾದಿದ್ದಾರೆ. ತಾಯಿಯ ತಲೆಯನ್ನು ಸವರುತ್ತಿರುವ ಕೈ ಯಾವುದು, ಬೇಟೆ ಕಲಿತ ಕೈ ಯಾವುದು ಎಂದು ಬೇರೆಯಾಗಿ ಹೇಳುವ ಅಗತ್ಯವೇ ಉಳಿಯುವುದಿಲ್ಲ. ಕೂದಲು ಎಲ್ಲಿ ಮುಗಿದು ಹುಲ್ಲು ಎಲ್ಲಿ ಮೊದಲಾಯಿತೆಂದು ಹುಡುಕಲು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಮೂರು ಸಲವೂ ಗೆರೆ ಸಿಗುವ ಮೊದಲೇ ಹುಲ್ಲಿನೊಳಗಿದ್ದೆ.