ಗೊಂಬೆ ನಾಯಿಗೆ ಬಿಪಿ ಇಳಿಸಿದ ದಿನ

ನಾನು ಪಶುವೈದ್ಯ ಕಾಲೇಜಿನಲ್ಲಿ ಸರ್ಜರಿಯ ಎಂ.ವಿ.ಎಸ್ಸಿ. (ಸ್ನಾತಕೋತ್ತರ ಪದವಿ) ಮಾಡುತ್ತಿದ್ದಾಗ ಬಿ.ವಿ.ಎಸ್ಸಿ. ಕೊನೇ ವರ್ಷದವರಿಗೆ ಅರಿವಳಿಕೆಯ ಸಿಮ್ಯುಲೇಶನ್, ಅಂದರೆ ಅಣಕು ಆಪರೇಶನ್ ತರಬೇತಿ ಇಟ್ಟಿದ್ದರು. ನನ್ನ ಪಾಲಿಗೆ ಬಂದಿದ್ದು ನಾಯಿಗೆ ಕಾಟ ಕೊಡುವ ಕೆಲಸ.

ನಾಯಿ ಅಂದರೆ ಅಂಗಡಿಯಿಂದ ತಂದ ಕಂದು ಬಣ್ಣದ ಬಟ್ಟೆ ಗೊಂಬೆ. ಹೊಟ್ಟೆಯ ಹತ್ತಿ ಕಿತ್ತು, ಬಾಯಿಂದ ಎದೆಯವರೆಗೆ ಪೈಪು ಎಳೆದು, ತುದಿಗೆ ಶ್ವಾಸಕೋಶದ ಬದಲು ರಬ್ಬರ್ ಚೀಲ ಕಟ್ಟಿದ್ದೆವು. ಮುಂಗಾಲಲ್ಲಿ ಡ್ರಿಪ್ ಸೆಟ್ಟಿನ ತುಂಡು, ಅದೇ ರಕ್ತನಾಳ. ಉಸಿರಾಡುವ, ನಾಡಿ ಮಿಡಿಯುವ ಗೊಂಬೆಗಳೂ ಸಿಗುತ್ತವೆ, ಬೆಲೆ ಕೇಳಿ ಸುಮ್ಮನಾದೆವು. ಗ್ಯಾಸ್ ಮಷಿನ್ ಮಾತ್ರ ಅಸಲಿ. ಮಾನಿಟರ್ ಬದಲಿಗೆ ಒಂದು ಟಿವಿ. ಅದರಲ್ಲಿ ಓಡುವ ಅಂಕಿಗಳನ್ನು ಮೂಲೆಯಲ್ಲಿ ಕೂತು ಟ್ಯಾಬ್‌ನಿಂದ ಏರಿಸಿ ಇಳಿಸುವವಳು ನಾನು.

ಕೇಸು: 6 ವರ್ಷದ ಲ್ಯಾಬ್ರಡಾರ್, 25 ಕೆ.ಜಿ., ಗರ್ಭಕೋಶದಲ್ಲಿ ಕೀವು. ಮೊದಲ ತಂಡ ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದ್ದು ಚೆನ್ನಾಗಿಯೇ ಇತ್ತು. ಒಬ್ಬ ಮೇಲ್ದವಡೆ ಎತ್ತಿ ಹಿಡಿದ, ಇನ್ನೊಬ್ಬ ನಾಲಿಗೆ ಎಳೆದು ಗಂಟಲು ನೋಡುವ ಲ್ಯಾರಿಂಗೋಸ್ಕೋಪ್ ಇಟ್ಟ. ಟ್ಯೂಬಿನ ಸುತ್ತ ಇರುವ ಗಾಳಿಚೀಲ (ಕಫ್) ಉಬ್ಬಿಸಿ, ಮಷಿನ್‌ಗೆ ಜೋಡಿಸಿ, ಎಲ್ಲರೂ ಸ್ವಲ್ಪ ನಿರಾಳವಾದರು. ಆಗ ನಮ್ಮ ಮೇಷ್ಟ್ರು ಪೈಪು ಸರಿಮಾಡುವ ನೆಪದಲ್ಲಿ ಹೋಗಿ ಪಾಪ್-ಆಫ್ ವಾಲ್ವ್ ಮುಚ್ಚಿ ಬಂದರು.

ಇದು ಮೋಸ ಅಲ್ವಾ ಅನ್ನಬಹುದು. ಆದರೆ ನಿಜವಾದ ಥಿಯೇಟರಿನಲ್ಲೂ ಲೀಕ್ ಟೆಸ್ಟಿಗೆ ಅಂತ ಮುಚ್ಚಿದ ವಾಲ್ವ್ ತೆಗೆಯುವುದು ಮರೆತುಹೋಗುತ್ತದೆ. ಮಿಕ್ಕ ಗಾಳಿ ಹೊರಗೆ ಹೋಗುವ ದಾರಿ ಅದು. ಅದು ಮುಚ್ಚಿದರೂ ಆಕ್ಸಿಜನ್ ಬರುತ್ತಲೇ ಇರುತ್ತದೆ. ಮಷಿನ್ನಿನ ಉಸಿರಾಟದ ಬ್ಯಾಗು ಉಬ್ಬುತ್ತದೆ, ಎದೆಯೊಳಗೆ ಒತ್ತಡ ಏರುತ್ತದೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿಯಾಗುತ್ತದೆ. ಕೆಲವೇ ನಿಮಿಷದಲ್ಲಿ ಆರೋಗ್ಯವಂತ ನಾಯಿಯೂ ಹೋಗಿಬಿಡಬಹುದು.

ನಾನು ಸರಾಸರಿ ಬಿಪಿಯನ್ನು 75ರಿಂದ 60ಕ್ಕೆ, ಆಮೇಲೆ 48ಕ್ಕೆ ಇಳಿಸಿದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ 38ರಿಂದ 20ಕ್ಕೆ ಬಂತು. ತಂಡದ ಮುಂದಾಳು ಟಿವಿಯಿಂದ ಕಣ್ಣು ಕೀಳದೆ ಹೇಳುತ್ತಿದ್ದ: "ಐಸೋ ಕಮ್ಮಿ ಮಾಡಿ. ಫ್ಲೂಯಿಡ್ ಜಾಸ್ತಿ ಬಿಡಿ. ಅಟ್ರೋಪಿನ್ ಎಷ್ಟು ಎಂಎಲ್ ಬರುತ್ತೆ ನೋಡಿ." ಐಸೋ ಅಂದರೆ ಅರಿವಳಿಕೆಯ ಗ್ಯಾಸ್ ಐಸೋಫ್ಲುರೇನ್, ಅಟ್ರೋಪಿನ್ ಹೃದಯ ಬಡಿತ ಏರಿಸುವ ಮದ್ದು. ಎಲ್ಲವೂ ಪುಸ್ತಕದಲ್ಲಿ ಇರುವುದೇ. ಬ್ಯಾಗು ಮಾತ್ರ ಅವನ ಬೆನ್ನ ಹಿಂದೆ ಫುಟ್ಬಾಲಿನ ಹಾಗೆ ಬಿಗಿದು ನಿಂತಿತ್ತು. ಚಾರ್ಟ್ ಬರೆಯುತ್ತಿದ್ದ ಹುಡುಗಿ ಅದರ ಪಕ್ಕದಲ್ಲೇ ಇದ್ದಳು. ಬ್ಯಾಗು ನೋಡಿದಳು. ಮುಂದಾಳುವಿನ ಮುಖ ನೋಡಿದಳು. ಪೆನ್ನು ಒಂದು ಕ್ಷಣ ನಿಂತಿತು, ಮತ್ತೆ ಬಿಪಿ ಬರೆಯಲು ಶುರುಮಾಡಿದಳು. ನಾನು ಟಿವಿಯಲ್ಲಿ ಹೃದಯ ಬಡಿತದ ಗೆರೆ ಚಪ್ಪಟೆ ಮಾಡಿದೆ. ನಾಯಿ ಸತ್ತಿತು.

ಆಮೇಲೆ ಎಲ್ಲರನ್ನೂ ಕೂರಿಸಿ ಮಾತಾಡಿಸುವುದು. ತರಬೇತಿಯ ಅರ್ಧಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಹೋಯಿತು, ಹೋಗಬೇಕಾದದ್ದೇ.

"ಬ್ಯಾಗು ನೋಡಿದ್ಯೇನಮ್ಮ?" ಅಂತ ಮೇಷ್ಟ್ರು ಕೇಳಿದರು.

"ನೋಡಿದೆ ಸರ್."

"ಮತ್ತೆ ಹೇಳಲಿಲ್ಲ?"

"ಅವನಿಗೆ ಗೊತ್ತಿರುತ್ತೆ ಅಂದ್ಕೊಂಡೆ ಸರ್."

ಮುಂದಾಳು ಆದವನು ಕ್ಲಾಸಿನ ಟಾಪರ್. ಡೋಸುಗಳೆಲ್ಲ ಬಾಯಿಪಾಠ. ಅವನ ಎದುರು ಬಾಯಿಬಿಡಲು ಇವಳಿಗೆ ಸಂಕೋಚ. ನನ್ನ ಮಟ್ಟಿಗೆ ಇಡೀ ತರಬೇತಿಯ ತಿರುಳು ಅದೇ. ಡೋಸು ಓದಿ ಕಲಿಯಬಹುದು. "ಸ್ವಲ್ಪ ನಿಲ್ಲಿ, ಇದು ಸರಿ ಇಲ್ಲ" ಅಂತ ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳುವುದನ್ನು ಬಾಯಿಂದ ಹೇಳಿಸಿಯೇ ಕಲಿಸಬೇಕು. ನಮ್ಮ ಕಾಲೇಜುಗಳಲ್ಲಿ ಸುಮ್ನೆ ಕೂತವರಿಗೇ ಒಳ್ಳೆಯ ವಿದ್ಯಾರ್ಥಿ ಅನ್ನುವ ಹೆಸರು. ಹಾಗಾಗಿ ಇದು ಇನ್ನೂ ಕಷ್ಟ.

ಮುಂದಿನ ತಂಡಕ್ಕೆ ಹೊಸ ನಿಯಮ: ಕಂಡದ್ದನ್ನೆಲ್ಲ ಜೋರಾಗಿ ಹೇಳಬೇಕು, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಈ ಸಲ ಮೇಷ್ಟ್ರು ನನ್ನ ಕಿವಿಯಲ್ಲಿ "ಕರೆಂಟ್ ತೆಗಿ" ಅಂದರು. ಟಿವಿ ಆರಿಸಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಳೆ ಇವರಲ್ಲಿ ಎಷ್ಟೋ ಜನ ಸೇರುವ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಇರುವುದು ಝೈಲಾಜಿನ್, ಕೆಟಮಿನ್ ಅನ್ನುವ ಮಂಪರು-ಅರಿವಳಿಕೆ ಮದ್ದು, ಒಂದು ಸ್ಟೆತಾಸ್ಕೋಪು, ಎರಡು ಕೈ.

ಬಟ್ಟೆ ಗೊಂಬೆಗೆ ವಸಡು ಕೆಂಪಾಗುವುದಿಲ್ಲವಲ್ಲ. ಹಾಗಾಗಿ ಗೊಂಬೆಯ ಪರವಾಗಿ ನಾನೇ ಉತ್ತರ ಕೊಡಬೇಕಾಯಿತು. "ವಸಡು ಒತ್ತಿ ಬಿಟ್ಟೆ ಅಕ್ಕ, ಬಣ್ಣ ಬಂತಾ?" 2 ಸೆಕೆಂಡಿನೊಳಗೆ ಬರಬೇಕಾದದ್ದು, ನಾನು ನಿಧಾನಕ್ಕೆ ಎಣಿಸಿ "ಈಗ ಬಂತು" ಅಂದೆ. "ಕಣ್ಣು ಕೆಳಗೆ ಹೊರಳಿದೆಯಾ?" "ಇಲ್ಲ, ನಡುವಿಗೆ ಬಂದಿದೆ. ರೆಪ್ಪೆ ಮುಟ್ಟಿದರೂ ಮಿಟುಕಿಸುತ್ತಿಲ್ಲ." "ದವಡೆ?" "ಸಡಿಲ." ಆಗ ಹಿಂದೆ ನಿಂತಿದ್ದ ಹುಡುಗನೊಬ್ಬ ಕೂಗಿಯೇಬಿಟ್ಟ: "ಡೀಪ್ ಆಗಿದೆ, ಗ್ಯಾಸ್ ಆಫ್ ಮಾಡ್ರೋ!" ಅರಿವಳಿಕೆ ಅತಿಯಾಗಿದೆ ಅಂತ. ಮೇಷ್ಟ್ರಿಗೆ ಖುಷಿಯೋ ಖುಷಿ.

ಆ ತಂಡ ನಾಯಿಯನ್ನು ಉಳಿಸಿತು. ಟ್ಯೂಬ್ ತೆಗೆದು ಕೈ ಕೊಡವಿಕೊಂಡು ಹೊರಟವರನ್ನು ವಾಪಸ್ ಕರೆದು, ಉಸಿರು ನಿಂತಿದೆ ಅಂದೆ. ಬೈದುಕೊಂಡೇ ಬಂದರು. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ನಡೆದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಯಿಂದ ಸತ್ತದ್ದು ಸುಮಾರು 600 ನಾಯಿಗೆ ಒಂದು, 400 ಬೆಕ್ಕಿಗೆ ಒಂದು. ಅದರಲ್ಲಿ ಜಾಸ್ತಿ ಸಾವು ಆದದ್ದು ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ಅದೂ ಮೊದಲ 3 ಗಂಟೆಯೊಳಗೇ ಹೆಚ್ಚು. ಅದನ್ನು ಹೇಳಿದ ಮೇಲೆ ಬೈಗುಳ ನಿಂತಿತು.

ಒಂದು ಕೊರತೆ ನನ್ನನ್ನು ಈಗಲೂ ಕೊರೆಯುತ್ತದೆ. ನಮ್ಮವರು ಜಾಸ್ತಿ ನೋಡುವುದು ದನಗಳನ್ನು, ನಾವು ಕಲಿಸಿದ್ದು ನಾಯಿಯ ಮೇಲೆ. ಹಸುವಿಗೆ ಝೈಲಾಜಿನ್ ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ ಸಾಕು. ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಜೊಲ್ಲು ಶ್ವಾಸನಾಳಕ್ಕೆ ಇಳಿಯದಂತೆ ಮೂತಿಯನ್ನು ತಗ್ಗಿಸಿ ಇಡಬೇಕು. ಇದಕ್ಕೆಲ್ಲ ಗೊಂಬೆ ಎಲ್ಲಿದೆ? ಸದ್ಯಕ್ಕೆ ಕೊಂಬಿನ ನರಕ್ಕೆ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುವುದನ್ನಾದರೂ ಕಲಿಸೋಣ ಅಂತ ಒಂದು ದನದ ತಲೆ ಮಾಡುತ್ತಿದ್ದೇವೆ. ಅನಾಟಮಿಯವರು ಬುರುಡೆ ಕೊಡಲು ಒಪ್ಪಿದ್ದಾರೆ. ಚರ್ಮಕ್ಕೆ ಹಳೇ ಸ್ಕೂಟರ್ ಸೀಟಿನ ರೆಕ್ಸಿನ್ ಹೊದಿಸಿ ನೋಡಿದೆ. ಸೂಜಿಗೆ ಒಳ್ಳೇ ಬಿಗಿ ಕೊಡುತ್ತದೆ.