ಮುನ್ನೂರು ಗ್ರಾಂ

ಗುರುವಾರ ರಾತ್ರಿ ಮಗ ತಟ್ಟೆ ಸರಿಸಿ "ಹಸಿವಿಲ್ಲ ಅಪ್ಪ" ಅಂದ. ಅವನಿಗೆ ಆಗ ಹನ್ನೆರಡು ವರ್ಷ. ರಗ್ಬಿ ಪ್ರಾಕ್ಟೀಸ್ ಮುಗಿಸಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಬೂಟಿನ ಕೆಸರು ಬಾಗಿಲ ಹತ್ತಿರ ಇನ್ನೂ ಹಸಿಯಾಗೇ ಇತ್ತು. ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ಕಾಳು ಪಲ್ಯ. ಬೇರೆ ದಿನವಾಗಿದ್ದರೆ ನಾಲ್ಕು ರೊಟ್ಟಿ ತಿಂದು ಮೇಲೆ ಮೊಸರನ್ನ ಕೇಳುವ ಹುಡುಗ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ. "ಸ್ಕೂಲಲ್ಲಿ ಏನಾದ್ರೂ ತಿಂದಿರ್ಬೇಕು ಬಿಡಿ" ಅಂತ ತಟ್ಟೆ ಮುಚ್ಚಿಟ್ಟಳು.

ವಿಷಯ ಏನೆಂದು ನನಗೆ ಗೊತ್ತಾಗಿತ್ತು. ಶನಿವಾರ ಬೆಳಿಗ್ಗೆ ಹದಿಮೂರರೊಳಗಿನ ಹುಡುಗರ ರೆಪ್ ತಂಡಕ್ಕೆ, ಅಂದರೆ ಆಯ್ದ ಹುಡುಗರ ತಂಡಕ್ಕೆ, ಟ್ರಯಲ್. ಮೈದಾನಕ್ಕೆ ಇಳಿಸುವ ಮೊದಲು ತೂಕ ನೋಡುತ್ತಾರೆ. ಬಾತ್‌ರೂಮಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ತೂಕದ ಯಂತ್ರ ಎರಡು ವಾರದಿಂದ ನಡುವಿಗೆ ಬಂದಿದ್ದನ್ನು ನಾನೂ ನೋಡಿದ್ದೆ. ಮಿತಿಗಿಂತ ಅವನು ಹೆಚ್ಚುಕಮ್ಮಿ ಒಂದು ಕಿಲೋ ಜಾಸ್ತಿ ಇದ್ದ.

ನನಗೆ ಅದು ಗೊತ್ತಾಗಲು ಕಾರಣ ಇದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರ ಕಡೆ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕಬಡ್ಡಿ ಪಂದ್ಯಗಳು ಶುರುವಾಗುತ್ತಿದ್ದವು. ಗದ್ದೆ ಹಸನು ಮಾಡಿ, ಟ್ಯೂಬ್‌ಲೈಟ್ ಕಟ್ಟಿ, ಬೆಳಗಿನ ಜಾವದವರೆಗೂ ಆಟ. ಕರಪತ್ರದಲ್ಲೇ '55 ಕೆ.ಜಿ. ವಿಭಾಗ' ಅಂತ ಅಚ್ಚಾಗಿರುತ್ತಿತ್ತು. ಅಡಿಕೆ ಚೀಲ ತೂಗುವ ಯಂತ್ರವನ್ನೇ ತಂದಿಟ್ಟು ಆಟಗಾರರನ್ನು ಒಬ್ಬೊಬ್ಬರಾಗಿ ಹತ್ತಿಸುತ್ತಿದ್ದರು. ಪಿಯುಸಿ ಓದುತ್ತಿದ್ದ ನಾನು ಐವತ್ತಾರೂವರೆ ಇದ್ದೆ. ಎರಡು ದಿನ ಊಟ ಬಿಟ್ಟೆ. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಅಂಗಿಯೊಳಗೆ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಗುಡ್ಡ ಹತ್ತಿ ಇಳಿದೆ. ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಉಗುಳಿದೆ. ಮುಳ್ಳು ಸರಿಯಾಗಿ ಐವತ್ತೈದಕ್ಕೆ ನಿಂತಾಗ ತಂಡದವರೆಲ್ಲ ಬೆನ್ನು ತಟ್ಟಿದರು. ಎರಡನೇ ಪಂದ್ಯದಲ್ಲಿ ಎದುರಾಳಿಯ ಕಣಕಾಲು ನನ್ನ ಎರಡೂ ಕೈಯಲ್ಲಿ ಸಿಕ್ಕಿತ್ತು. ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಬೆರಳುಗಳು ತಾವಾಗೇ ಬಿಚ್ಚಿಕೊಂಡಿದ್ದು ಇವತ್ತಿಗೂ ನೆನಪಿದೆ.

ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಬಂದ ಹೊಸದರಲ್ಲಿ ರಗ್ಬಿ ಅಂದರೆ ನಮಗೆ ದೊಡ್ಡ ಮೈಯವರು ಒಬ್ಬರ ಮೇಲೊಬ್ಬರು ಬೀಳುವ ಆಟ, ಅಷ್ಟೆ. ಮಗ ಐದನೇ ವಯಸ್ಸಿಗೆ ರಿಪ್ಪಾ ಆಡಲು ಶುರು ಮಾಡಿದ. ಅದರಲ್ಲಿ ಬೀಳಿಸುವುದಿಲ್ಲ, ಸೊಂಟದ ಪಟ್ಟಿಗೆ ಅಂಟಿಸಿದ ಬಣ್ಣದ ಪಟ್ಟಿ ಕಿತ್ತುಕೊಂಡರೆ ಸಾಕು. ಅದು ಮುಗಿದ ಮೇಲೆ ಟ್ಯಾಕಲ್, ಅಂದರೆ ಹಿಡಿದು ಬೀಳಿಸುವ ಆಟ. ನಮಗಿದ್ದ ಹೆದರಿಕೆಯನ್ನು ಸ್ವಲ್ಪ ಕಡಿಮೆ ಮಾಡಿದ್ದು ಇಲ್ಲಿನ ತೂಕದ ಪದ್ಧತಿ. ಈ ಊರಿನಲ್ಲಿ ಮಕ್ಕಳ ರಗ್ಬಿಯಲ್ಲಿ ವಯಸ್ಸಿನ ಜೊತೆಗೆ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪೆಸಿಫಿಕ್ ದ್ವೀಪಗಳಾದ ಸಮೋವಾ, ಟೊಂಗಾ ಮೂಲದ ಮನೆಗಳ ಮಕ್ಕಳು, ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಮಕ್ಕಳು, ಯುರೋಪ್ ಮೂಲದವರು, ನಮ್ಮಂಥ ಏಷ್ಯಾದವರು ಎಲ್ಲರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಂದೇ ವಯಸ್ಸಿನ ಇಬ್ಬರ ನಡುವೆ ಮೂವತ್ತು ಕಿಲೋ ವ್ಯತ್ಯಾಸ ಇದ್ದರೂ ಯಾರೂ ಆಶ್ಚರ್ಯ ಪಡುವುದಿಲ್ಲ. ತೂಕಕ್ಕೆ ಮಿತಿ ಹಾಕಿದ ಗ್ರೇಡ್ ಇಲ್ಲದಿದ್ದರೆ ನನ್ನ ಮಗ ಎರಡನೇ ವಾರಕ್ಕೇ ಆಟ ಬಿಡುತ್ತಿದ್ದ. ಅದು ಒಳ್ಳೆಯ ಪದ್ಧತಿ, ಈಗಲೂ ನನ್ನ ಅಭಿಪ್ರಾಯ ಅದೇ.

ಆದರೆ ಅದರ ಇನ್ನೊಂದು ಮಗ್ಗುಲನ್ನು ಮಗನ ಗೆಳೆಯನೊಬ್ಬನಿಂದಾಗಿ ದಿನವೂ ನೋಡುತ್ತಿದ್ದೆ. ಟೊಂಗಾ ಮೂಲದ ಹುಡುಗ, ಮಗನಿಗಿಂತ ಒಂದು ತಿಂಗಳು ಚಿಕ್ಕವನು. ಎತ್ತರದಲ್ಲಿ ನನ್ನ ಸಮಕ್ಕೆ ಬಂದಿದ್ದಾನೆ, ತೂಕದಲ್ಲಿ ನನ್ನನ್ನು ದಾಟಿದ್ದಾನೆ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು, ಹೆಂಡತಿಗೆ "ಆಂಟಿ" ಅಂತ ಕೈಮುಗಿದೇ ಒಳಗೆ ಬರುವಷ್ಟು ಮೆತ್ತಗಿನ ಮಗು. ಅವನನ್ನು ಮೊದಲಿಂದಲೂ ದೊಡ್ಡ ಹುಡುಗರ ಜೊತೆ ಆಡಲು ಹಾಕುತ್ತಿದ್ದರು. ಜೊತೆಯ ಮಕ್ಕಳೆಲ್ಲ ಒಂದು ಮೈದಾನದಲ್ಲಿ, ಅವನೊಬ್ಬ ಇನ್ನೊಂದರಲ್ಲಿ. ಆ ಶನಿವಾರದ ಟ್ರಯಲ್‌ಗೆ ಅವನಿಗೆ ಅವಕಾಶವೇ ಇರಲಿಲ್ಲ. ಎಷ್ಟು ಊಟ ಬಿಟ್ಟರೂ ಅವನು ಆ ಮಿತಿಯೊಳಗೆ ಬರುವವನಲ್ಲ.

ರೆಪ್ ಅಂದರೆ ಪ್ರತಿನಿಧಿ ತಂಡ. ಒಂದು ಭಾಗದ ಎಲ್ಲ ಶಾಲೆ, ಕ್ಲಬ್ಬುಗಳ ಹುಡುಗರಿಂದ ಇಪ್ಪತ್ತೈದು ಜನರನ್ನು ಆರಿಸುತ್ತಾರೆ. ಹನ್ನೆರಡು ವರ್ಷದವರ ಕಣ್ಣಿಗೆ ಅದು ಮೊದಲ ಮೆಟ್ಟಿಲು. ಅದರ ಮೇಲೆ ಹೈಸ್ಕೂಲಿನ ಮುಖ್ಯ ತಂಡವಾದ ಫಸ್ಟ್ ಫಿಫ್ಟೀನ್, ಅದರ ಮೇಲೆ ಇಡೀ ದೇಶದ ಶಾಲಾ ತಂಡ, ಕೊನೆಗೆ ನ್ಯೂಜಿಲೆಂಡ್ ತಂಡದ ಕಪ್ಪು ಜೆರ್ಸಿ. ಫಸ್ಟ್ ಫಿಫ್ಟೀನ್ ಪಂದ್ಯ ಅಂದರೆ ಇಲ್ಲಿ ನಮ್ಮೂರ ಜಾತ್ರೆಯಿದ್ದ ಹಾಗೆ. ಇಡೀ ಶಾಲೆ ಮೈದಾನದ ಸುತ್ತ ನಿಂತು ಹಾಕಾ, ಅಂದರೆ ಮಾವೋರಿಗಳ ಆವೇಶದ ಕುಣಿತ, ಮಾಡುತ್ತದೆ. ಟೀವಿಯಲ್ಲಿ ನೇರ ಪ್ರಸಾರವೂ ಆಗುತ್ತಿತ್ತು. ಹುಡುಗರ ಮೇಲೆ ಒತ್ತಡ ಹೆಚ್ಚಾಗುತ್ತಿದೆ ಅಂತ 2022ರಲ್ಲಿ ಪ್ರಾಂಶುಪಾಲರೇ ಸೇರಿ ನೇರ ಪ್ರಸಾರ ಬೇಡ ಎಂದರು. 2018ರ ಕೊನೆಯಲ್ಲಂತೂ ಆಕ್ಲೆಂಡಿನ ಹತ್ತು ಶಾಲೆಗಳು, ಬೇರೆ ಕಡೆಯ ಒಳ್ಳೆಯ ಆಟಗಾರರನ್ನು ಸೆಳೆದುಕೊಳ್ಳುತ್ತಿದೆ ಅಂತ ಒಂದು ಶಾಲೆಯ ಜೊತೆ ಆಡುವುದೇ ಇಲ್ಲ ಎಂದು ಪತ್ರ ಬರೆದಿದ್ದವು. ದೊಡ್ಡವರೇ ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯ ಅಂದಮೇಲೆ ಮಕ್ಕಳಿಗೆ ಎಷ್ಟು ದೊಡ್ಡದಾಗಿ ಕಾಣಬೇಡ!

ಮಗ ಹಾಫ್‌ಬ್ಯಾಕ್, ಒಂಬತ್ತನೇ ನಂಬರು. ಗುದ್ದಾಡುವ ಗುಂಪಿನ ಕಾಲಡಿಯಿಂದ ಚೆಂಡು ಎತ್ತಿ ಹಿಂದಿನ ಸಾಲಿಗೆ ಎಸೆಯುವವನು. ಚೆಂಡು ಎಲ್ಲಿ ಬಿದ್ದರೂ ಅಲ್ಲಿಗೆ ಅವನು ಮೊದಲು ಮುಟ್ಟಬೇಕು, ಹಾಗಾಗಿ ಓಡುವುದೂ ಹೆಚ್ಚು. ಸಣ್ಣ ಮೈಯವರಿಗೆ ಈ ಆಟದಲ್ಲಿ ಕಾದಿಟ್ಟ ಜಾಗ ಅದು. ಅವನ ಕೋಣೆಯ ಗೋಡೆಯ ಮೇಲೆ ಅದೇ ಜಾಗದ ಆಟಗಾರ ಆರನ್ ಸ್ಮಿತ್ ಚಿತ್ರ ಇತ್ತು. ಎತ್ತರ 171 ಸೆಂಟಿಮೀಟರ್, ನ್ಯೂಜಿಲೆಂಡಿಗೆ ಆಡಿದ್ದು ನೂರಕ್ಕೂ ಹೆಚ್ಚು ಟೆಸ್ಟ್. ಬಾಗಿಲ ಚೌಕಟ್ಟಿನ ಮೇಲೆ 171 ಎಲ್ಲಿಗೆ ಬರುತ್ತದೆ ಅಂತ ಮಗ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದ.

ಶುಕ್ರವಾರ ಆಫೀಸಿನಿಂದ ಬಂದಾಗ ಅವನು ಮನೆ ಮುಂದಿನ ಏರು ರಸ್ತೆಯಲ್ಲಿ ಓಡುತ್ತಿದ್ದ. ಮೈಮೇಲೆ ಎರಡು ಜಾಕೆಟ್, ಅದರ ಮೇಲೆ ನನ್ನ ಮಳೆ ಕೋಟು. ಕಾರಿನ ಬೆಳಕು ಬಿದ್ದಾಗ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದ. ನಾನು ಗಾಜು ಇಳಿಸಬಹುದಿತ್ತು. "ಬಾ ಮಗ, ಒಳಗೆ ಹೋಗಣ" ಅಂತ ಒಂದು ಮಾತು ಹೇಳಬಹುದಿತ್ತು. ನಾನು ಕೈಯೆತ್ತಿ ಬೀಸಿ ಗ್ಯಾರೇಜಿನೊಳಗೆ ಹೋದೆ. ಯಾಕೆ ಅಂದರೆ ಅವನು ಆಯ್ಕೆಯಾಗಲಿ ಅಂತ ನನಗೂ ಆಸೆ ಇತ್ತು. ಆಫೀಸಿನಲ್ಲಿ, ಕನ್ನಡ ಕೂಟದಲ್ಲಿ, ಊರಿಗೆ ಫೋನ್ ಮಾಡಿದಾಗ ಹೇಳಿಕೊಳ್ಳಲು ನನಗೆ ಅದು ಬೇಕಿತ್ತು. ರಾತ್ರಿ ಅವನು ಅರ್ಧ ಲೋಟ ಹಾಲು ಕುಡಿದು ಮಲಗಿದ. ಹೆಂಡತಿ ಕೇಳಿದ್ದಕ್ಕೆ "ನಾಳೆ ಆಟ ಇದೆಯಲ್ಲ, ಹಗುರ ಇರಲಿ" ಅಂದವನು ನಾನೇ.

ಶನಿವಾರ ಚಳಿ. ಹುಲ್ಲಿನ ಮೇಲೆ ತೆಳ್ಳಗೆ ಮಂಜು ಬಿದ್ದಿತ್ತು. ಕ್ಲಬ್ ಕಟ್ಟಡದ ಒಳಗೆ ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಮುಂದೆ ಒಂದು ಟೇಬಲ್, ಒಂದು ತೂಕದ ಯಂತ್ರ, ಪಟ್ಟಿ ಹಿಡಿದ ಇಬ್ಬರು. ನಮ್ಮೂರಲ್ಲಿ ಇದ್ದ ಗಲಾಟೆ ಇಲ್ಲಿ ಇರಲಿಲ್ಲ, ಒಬ್ಬರೂ ಮಾತಾಡುತ್ತಿರಲಿಲ್ಲ. ಮಗನ ಮುಂದಿದ್ದ ಹುಡುಗ ಎರಡು ಸಲ ಹತ್ತಿ ಇಳಿದ, ಆಮೇಲೆ ಬಾತ್‌ರೂಮಿಗೆ ಹೋಗಿ ಬಂದು ಮೂರನೇ ಸಲ ಹತ್ತಿದ. ಮಗ ಹತ್ತುವಾಗ ಉಸಿರು ಒಳಗೆ ಎಳೆದು ಹೊಟ್ಟೆ ಒಳಗೆ ಹಾಕಿಕೊಂಡ, ತೂಕ ಕಮ್ಮಿಯಾಗುತ್ತದೇನೋ ಅನ್ನುವ ಹಾಗೆ. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಮಿತಿಗಿಂತ ಮುನ್ನೂರು ಗ್ರಾಂ ಕಮ್ಮಿ ಬಂತು. ನನ್ನ ಕಡೆ ತಿರುಗಿ ಹೆಬ್ಬೆರಳು ತೋರಿಸಿದ. ನಾನೂ ತೋರಿಸಿದೆ. ತೋಳಿನ ಮೇಲೆ ಮಾರ್ಕರಿನಲ್ಲಿ 41 ಅಂತ ಬರೆದು ಕಳಿಸಿದರು.

ಅರವತ್ತಕ್ಕೂ ಹೆಚ್ಚು ಹುಡುಗರಿದ್ದರು, ಅದರಲ್ಲಿ ಹಾಫ್‌ಬ್ಯಾಕ್‌ಗಳು ಐದು, ಬೇಕಾಗಿದ್ದು ಇಬ್ಬರು. ಇಪ್ಪತ್ತು ಇಪ್ಪತ್ತು ನಿಮಿಷದ ಆಟಗಳು. ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯಲೂ ಗೊತ್ತಿಲ್ಲದ ಹದಿನೈದು ಮಕ್ಕಳನ್ನು ಒಂದು ತಂಡ ಅಂತ ನಿಲ್ಲಿಸುತ್ತಾರೆ. ಅಲ್ಲಿ ಒಳ್ಳೆಯ ಪಾಸ್ ಕೊಟ್ಟವನಿಗಿಂತ ಚೆಂಡು ಹಿಡಿದು ಒಬ್ಬನೇ ಓಡಿದವನು ಹೆಚ್ಚು ಕಣ್ಣಿಗೆ ಬೀಳುತ್ತಾನೆ. ಹಾಫ್‌ಬ್ಯಾಕ್ ಆಟ ಪೂರ್ತಿ ಬೇರೆಯವರನ್ನು ನಂಬಿ ನಡೆಯುವಂಥದ್ದು. ಅಂಥವನನ್ನು ಒಂದೇ ಬೆಳಿಗ್ಗೆಯಲ್ಲಿ ಅಳೆಯುವುದು ಹೇಗೆ ಅಂತ ನನಗೆ ಅವತ್ತೂ ಅರ್ಥವಾಗಲಿಲ್ಲ.

ಮೊದಲ ಆಟದಲ್ಲಿ ಮಗ ಚೆನ್ನಾಗಿ ಆಡಿದ. ಅವನ ಎಡಗೈ ಪಾಸ್ ಒಂದು ಉದ್ದಕ್ಕೆ, ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಹೋಗಿ ಹತ್ತನೇ ನಂಬರಿನವನ ಎದೆಗೇ ಬಿತ್ತು. ಪಟ್ಟಿ ಹಿಡಿದಿದ್ದವರು ಏನೋ ಬರೆದುಕೊಂಡರು. ಟೊಂಗಾ ಗೆಳೆಯ ಸೈಡ್‌ಲೈನಿನಲ್ಲಿ ನೀರಿನ ಬಾಟಲಿಗಳನ್ನು ಹಿಡಿದು ಓಡಾಡುತ್ತಿದ್ದ. ಕರೆಯದಿದ್ದರೂ ಬಂದಿದ್ದ. ಎರಡನೆಯದರಲ್ಲಿ ಮಗ ಗುಂಪಿನ ಹತ್ತಿರ ಮುಟ್ಟುವುದು ತಡವಾಗತೊಡಗಿತು. ಮೂರನೆಯದರಲ್ಲಿ, ಮುಗಿಯಲು ಐದು ನಿಮಿಷ ಇರಬಹುದು, ಎದುರು ತಂಡದ ಹುಡುಗನೊಬ್ಬ ಅಂಚಿನಿಂದ ನುಗ್ಗಿ ಬಂದ. ಅಡ್ಡ ಇದ್ದವನು ಮಗನೊಬ್ಬನೇ. ಸರಿಯಾಗಿ ಬಗ್ಗಿದ, ಭುಜ ಸರಿಯಾದ ಜಾಗಕ್ಕೇ ಹೋಯಿತು, ಎರಡೂ ಕೈ ಅವನ ತೊಡೆಯನ್ನು ಸುತ್ತಿದವು. ಆಮೇಲೆ ಕೈಗಳು ಜಾರಿದವು. ತೊಡೆಯಿಂದ ಮಂಡಿಗೆ, ಮಂಡಿಯಿಂದ ಕಣಕಾಲಿಗೆ, ಬೆರಳುಗಳು ಬಿಚ್ಚಿಕೊಂಡು ಹುಲ್ಲಿಗೆ. ಆ ಹುಡುಗ ಹೋಗಿ ಗೆರೆಯಾಚೆ ಚೆಂಡು ಊರಿ ಟ್ರೈ ಗಳಿಸಿದ.

ಮಗ ಎದ್ದವನು ಎರಡು ಹೆಜ್ಜೆ ಇಟ್ಟು ಕೂತುಬಿಟ್ಟ. ಮುಖ ಬಿಳಚಿಕೊಂಡಿತ್ತು. ನಾನು ಹಗ್ಗ ದಾಟುವಷ್ಟರಲ್ಲಿ ಗೆಳೆಯ ಅವನ ಹತ್ತಿರ ಮುಟ್ಟಿದ್ದ. ಬಾಟಲಿ ಬಾಯಿಗಿಟ್ಟು, ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು ನಿಂತಿದ್ದ. ಪ್ರಥಮ ಚಿಕಿತ್ಸೆಯವರು ಬಂದು "ಬೆಳಿಗ್ಗೆ ಏನು ತಿಂದೆ?" ಅಂತ ಕೇಳಿದರು. ಮಗ ನನ್ನ ಮುಖ ನೋಡಿದ, ಉತ್ತರ ಕೊಡಲಿಲ್ಲ. "ಏನೂ ತಿಂದಿಲ್ಲ, ಗುರುವಾರದಿಂದ ಸರಿಯಾಗಿ ತಿಂದಿಲ್ಲ" ಅಂತ ನಾನು ಹೇಳಿದೆ. ಆಕೆ ನನ್ನನ್ನು ನೋಡಿದ ನೋಟಕ್ಕೆ ನಾನು ಅರ್ಹನಾಗಿದ್ದೆ.

ಹೆಸರುಗಳನ್ನು ಕ್ಲಬ್ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಓದಿದರು. ಇಪ್ಪತ್ತೈದು ಹೆಸರು. ಕರೆಸಿಕೊಂಡವರು ಬಲಗಡೆ ಹೋಗಿ ನಿಂತರು, ಉಳಿದವರು ಇದ್ದಲ್ಲೇ ಉಳಿದರು. ಹನ್ನೆರಡು ವರ್ಷದ ನಲವತ್ತು ಮಕ್ಕಳು ಅಪ್ಪ ಅಮ್ಮನ ಕಡೆ ನೋಡದೆ ತಮ್ಮ ಬೂಟು ನೋಡಿಕೊಂಡು ನಿಂತಿದ್ದರು. ಒಬ್ಬ ಹುಡುಗ ತೋಳಿನ ನಂಬರನ್ನು ಉಗುಳು ಹಚ್ಚಿ ಉಜ್ಜುತ್ತಿದ್ದ. ಇಮೇಲಿನಲ್ಲಿ ಕಳಿಸಿದ್ದರೆ ಅವರವರ ಮನೆಯಲ್ಲಿ ಅತ್ತುಕೊಳ್ಳುತ್ತಿದ್ದರು. ಹೀಗೆ ಎಲ್ಲರೆದುರು ಎರಡು ಪಾಲು ಮಾಡುವ ಅಗತ್ಯ ಏನಿತ್ತು?

ಕಾರಿನಲ್ಲಿ ಸ್ವಲ್ಪ ದೂರ ಬಂದಮೇಲೆ ಮಗ ಕೇಳಿದ: "ಅಪ್ಪ, ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು ಮಗ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಗಾಡಿ ಪಕ್ಕಕ್ಕೆ ನಿಲ್ಲಿಸಿ ಅವನಿಗೆ ಐವತ್ತೈದು ಕೆ.ಜಿ. ಕಬಡ್ಡಿಯ ಕಥೆ ಹೇಳಿದೆ. ಗೊಬ್ಬರದ ಚೀಲ, ಹುಣಸೆಹಣ್ಣು, ಕೈಯಿಂದ ಜಾರಿದ ಕಾಲು, ಎಲ್ಲ. ನೀನು ಆಯ್ಕೆಯಾಗಬೇಕು ಅನ್ನುವ ಆಸೆ ನಿನಗಿಂತ ನನಗೇ ಹೆಚ್ಚಿತ್ತು, ಅದಕ್ಕೆ ಬಾಯಿ ಮುಚ್ಚಿಕೊಂಡೆ, ತಪ್ಪಾಯಿತು ಅಂದೆ. ಹಿಂದಿನ ಸೀಟಿನಲ್ಲಿ ಗೆಳೆಯ ಕೂತಿದ್ದ. ಕನ್ನಡ ಅವನಿಗೆ ಅರ್ಥವಾಗದು, ಆದರೂ ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಂಡ.

2019ರಲ್ಲಿ ಆಕ್ಲೆಂಡಿನ ಉತ್ತರ ಭಾಗದ ನಾರ್ತ್ ಹಾರ್ಬರ್ ರಗ್ಬಿ ಸಂಸ್ಥೆ ಮಕ್ಕಳ ರೆಪ್ ತಂಡಗಳನ್ನೇ ತೆಗೆದುಹಾಕಿತ್ತು. ಸಣ್ಣ ವಯಸ್ಸಿಗೇ ಆರಿಸಿ ಬಿಡಿಸುವುದರಿಂದ ಮಕ್ಕಳು ಆಟವನ್ನೇ ಬಿಡುತ್ತಿದ್ದಾರೆ, ಆಸೆ ಇರುವ ಎಲ್ಲರಿಗೂ ತರಬೇತಿ ಕೊಡೋಣ ಅನ್ನುವುದು ಅವರ ವಾದ. ಅದೇ ವರ್ಷ ರಗ್ಬಿ, ಕ್ರಿಕೆಟ್, ಫುಟ್‌ಬಾಲ್, ಹಾಕಿ, ನೆಟ್‌ಬಾಲ್ ಐದೂ ಸಂಸ್ಥೆಗಳು ಸೇರಿ ಮಕ್ಕಳ ಆಟದಲ್ಲಿ ಇದನ್ನೆಲ್ಲ ಬದಲಾಯಿಸುತ್ತೇವೆ ಎಂದು ಹೇಳಿಕೆ ಕೊಟ್ಟವು. ಆಗ ಒಂದು ಪಿಕ್ನಿಕ್ಕಿನಲ್ಲಿ ಸ್ನೇಹಿತರ ಜೊತೆ ನಾನು ಜೋರಾಗಿ ವಾದ ಮಾಡಿದ್ದೆ: ಸೋಲು ಗೆಲುವು ಇಲ್ಲದೆ ಮಕ್ಕಳು ಗಟ್ಟಿಯಾಗುವುದು ಹೇಗೆ, ನಾವೆಲ್ಲ ಹಾಗೇ ಬೆಳೆಯಲಿಲ್ಲವೇ ಅಂತ. ಆ ಮಾತನ್ನು ಈಗ ಹಿಂದೆ ತೆಗೆದುಕೊಳ್ಳುತ್ತೇನೆ. ತೂಕದ ಮಿತಿ ಹುಟ್ಟಿದ್ದು ಮಕ್ಕಳ ಮೈ ಕಾಯುವುದಕ್ಕೆ. ಅದರ ಮೇಲೆ ಇಪ್ಪತ್ತೈದು ಜನರ ಪಟ್ಟಿಯೊಂದನ್ನು ತಂದು ಇಟ್ಟಾಗ ಅದೇ ಮಿತಿಗೋಸ್ಕರ ಮಕ್ಕಳು ಊಟ ಬಿಡುತ್ತಾರೆ. ಹನ್ನೆರಡನೇ ವಯಸ್ಸಿಗೆ ಆ ಪಟ್ಟಿ ಬೇಡ. ಹದಿನಾರಾಗಲಿ, ಮೈ ಒಂದು ಹದಕ್ಕೆ ಬರಲಿ, ಆಮೇಲೆ ಆರಿಸಿಕೊಳ್ಳಲಿ.

ಅವತ್ತು ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬಾತ್‌ರೂಮಿನ ತೂಕದ ಯಂತ್ರವನ್ನು ಅವಳೇ ತೆಗೆದುಕೊಂಡು ಹೋಗಿ ಯಾರಿಗೋ ಕೊಟ್ಟುಬಂದಳು.

2023ರ ಅಕ್ಟೋಬರ್ 29, ಭಾನುವಾರ, ಇಲ್ಲಿನ ಬೆಳಿಗ್ಗೆ ಎಂಟಕ್ಕೆ ಪ್ಯಾರಿಸ್ಸಿನಲ್ಲಿ ರಗ್ಬಿ ವಿಶ್ವಕಪ್ ಫೈನಲ್, ನ್ಯೂಜಿಲೆಂಡಿಗೆ ದಕ್ಷಿಣ ಆಫ್ರಿಕಾದ ಮೇಲೆ. ಟೊಂಗಾ ಗೆಳೆಯ ಏಳಕ್ಕೇ ಬಂದು ಕೂತಿದ್ದ. ಹೆಂಡತಿ ಒಲೆ ಮುಂದೆ, ರೊಟ್ಟಿ ಬೆಂದ ಹಾಗೆ ತಟ್ಟೆಗೆ. ಎರಡನೇ ಅರ್ಧದಲ್ಲಿ ಆರನ್ ಸ್ಮಿತ್ ಗೆರೆ ದಾಟಿ ಚೆಂಡು ಊರಿದಾಗ ಮಕ್ಕಳಿಬ್ಬರೂ ಸೋಫಾದ ಮೇಲೆ ಹತ್ತಿ ನಿಂತರು. ವಿಡಿಯೋ ಹಿಂದಕ್ಕೆ ಹಾಕಿ ನೋಡಿದರು, ಎಷ್ಟೋ ಹೊತ್ತಿನ ಮುಂಚೆ, ಹೊರಗೆ ಹೋದ ಚೆಂಡನ್ನು ಒಳಗೆ ಎಸೆಯುವ ಲೈನ್ ಔಟಿನಲ್ಲಿ, ಚೆಂಡು ಕೈಯಿಂದ ಮುಂದಕ್ಕೆ ಜಾರಿತ್ತು. ಹಾಗೆ ಜಾರಬಾರದು, ಟ್ರೈ ರದ್ದಾಯಿತು. ಪಂದ್ಯ 12–11ರಲ್ಲಿ ಹೋಯಿತು, ಬರೀ ಒಂದು ಪಾಯಿಂಟಿನಿಂದ.

ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗೆಳೆಯ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ರೊಟ್ಟಿಯನ್ನು ನಡುವೆ ಹರಿದು ಅರ್ಧ ಮಗನಿಗೆ ಕೊಟ್ಟ. "ಇನ್ನೆರಡು ಹಾಕ್ಲಾ?" ಅಂತ ಹೆಂಡತಿ ಒಳಗಿನಿಂದ ಕೇಳಿದಳು. "ನಾಲ್ಕು ಹಾಕಮ್ಮ" ಅಂತ ಕೂಗಿ ಮಗ ಚೆಂಡು ಎತ್ತಿಕೊಂಡ, ರೊಟ್ಟಿ ಬೇಯುವಷ್ಟರಲ್ಲಿ ಬರುತ್ತೇವೆ ಅಂತ ಇಬ್ಬರೂ ಹಿತ್ತಲಿಗೆ ಹೋದರು.